ಚಾವಡಿ ಓಣಿಯ ಬಾವಿಯ ಬೀಗ

ನಾನು ಒಂದು ಬೀಗ. ಕಬ್ಬಿಣದ ಮೈ, ಉಕ್ಕಿನ ಕೊಂಡಿ, ಹೊಟ್ಟೆಯೊಳಗೆ ಆರು ಲಿವರ್. ಮೊದಲಿಗೇ ಹೇಳಿಬಿಡುತ್ತೇನೆ, ನನಗೆ ಮನುಷ್ಯರನ್ನು ಕಂಡರೆ ಆಗುವುದಿಲ್ಲ. ಬೇರೆ ವಸ್ತುಗಳು ತಮ್ಮ ಆತ್ಮಕಥೆ ಹೇಳುವಾಗ ‘ಜನರ ಸೇವೆಯಲ್ಲಿ ಸವೆದೆ, ಧನ್ಯನಾದೆ’ ಎಂದು ಮೂಗು ಒರೆಸಿಕೊಳ್ಳುತ್ತವೆ. ಕೊಡೆ ಹಾಗೆ ಹೇಳಲಿ, ಕುರ್ಚಿ ಹಾಗೆ ಹೇಳಲಿ, ಅದು ಅವುಗಳ ಹಣೆಬರಹ. ಬೀಗದ ಎದುರಿಗೆ ಬಂದವನು ಯಾರೇ ಇರಲಿ, ಅವನು ಮೊದಲು ಕಳ್ಳ, ಆಮೇಲೆ ಮನುಷ್ಯ. ಹಾಗೆಂದು ನಂಬಿ ಬದುಕಿದ ಜೀವದ ಬಾಯಲ್ಲಿ ಸಿಹಿ ಮಾತು ಎಲ್ಲಿಂದ ಬರಬೇಕು?

ಹುಟ್ಟಿದ್ದು ದೂರದ ಅಲಿಗಢದ ಒಂದು ಇಕ್ಕಟ್ಟಾದ ಕಾರ್ಖಾನೆಯಲ್ಲಿ. ಬಡಿದರು, ಅರದಿಂದ ಉಜ್ಜಿದರು, ಹೊಟ್ಟೆ ಬಿಚ್ಚಿ ಲಿವರ್ ಜೋಡಿಸಿ ಮತ್ತೆ ಮುಚ್ಚಿದರು. ಕೊನೆಗೆ ಗಡ್ಡದ ಮುದುಕನೊಬ್ಬ ನನ್ನನ್ನು ಒಂದು ಸರಳಿಗೆ ಹಾಕಿ ಸುತ್ತಿಗೆಯಿಂದ ಬಲವಾಗಿ ಬಾರಿಸಿದ. ನಾನು ಬಿಚ್ಚಿಕೊಳ್ಳಲಿಲ್ಲ. ‘ಠೀಕ್ ಹೈ’ ಎಂದು ರಾಶಿಗೆ ಎಸೆದ. ಬಾಳಿನಲ್ಲಿ ನಾನು ಕೇಳಿದ ಹೊಗಳಿಕೆ ಅದೊಂದೇ.

ಅಲ್ಲಿಂದ ರಟ್ಟಿನ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಿ ಕೃಷ್ಣಾ ನದಿಯ ಈಚೆಗಿನ ಒಂದು ತಾಲ್ಲೂಕು ಊರಿಗೆ ಬಂದು ಬಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಪುರಸಭೆಯವರು ನನಗೂ ಒಂದು ನೋಟಿಸು ಅಂಟಿಸುತ್ತಾರೆ. ಆ ಊರಿನಲ್ಲಿ ನನ್ನನ್ನು ಬೀಗ ಎನ್ನುವವರು ಕಡಿಮೆ. ‘ಕೀಲಿ’ ಎನ್ನುತ್ತಾರೆ, ನನ್ನ ಕೀಲಿಕೈಗೆ ‘ಚಾವಿ’ ಎನ್ನುತ್ತಾರೆ. ಹೆಸರು ಏನೇ ಇರಲಿ, ಕೆಲಸ ಒಂದೇ.

ಮೊದಲ ಒಡೆಯ ಈರುಳ್ಳಿ ವ್ಯಾಪಾರಿ, ಆ ಊರಿನ ಬಾಯಲ್ಲಿ ಉಳ್ಳಾಗಡ್ಡಿ ವ್ಯಾಪಾರಿ. ಅವನ ಗೋದಾಮಿನ ಬಾಗಿಲಿಗೆ ವರ್ಷಗಟ್ಟಲೆ ನೇತಾಡಿದೆ. ಒಳಗೆ ಕೊಳೆಯುವ ಉಳ್ಳಾಗಡ್ಡಿ, ಹೊರಗೆ ಏರುವ ಬೆಲೆಗಾಗಿ ಕಾಯುವ ಒಡೆಯ, ನಡುವೆ ನಾನು. ಇರುವಷ್ಟು ದಿನ ಯಾರನ್ನೂ ಒಳಗೆ ಬಿಡಲಿಲ್ಲ. ಕೊನೆಗೆ ಅವನು ತೆರಿಗೆ ಕಟ್ಟಲಿಲ್ಲವೆಂದು ಪುರಸಭೆಯವರು ಗೋದಾಮನ್ನು ಜಪ್ತಿ ಮಾಡಿದರು. ಉಳ್ಳಾಗಡ್ಡಿ ಹರಾಜಾಯಿತು, ನಾನು ಸರ್ಕಾರಿ ಆಸ್ತಿಯಾದೆ.

ಪುರಸಭೆಯ ಉಗ್ರಾಣದಲ್ಲಿ ಕೆಟ್ಟ ಬೀದಿದೀಪಗಳು, ನಾಯಿ ಹಿಡಿಯುವ ಬಲೆಗಳು, ಯಾವುದೋ ಚುನಾವಣೆಯ ಹರಿದ ಪರದೆಗಳ ನಡುವೆ ಬಹಳ ಕಾಲ ಬಿದ್ದಿದ್ದೆ. ಕೆಲಸವಿಲ್ಲದ ಬೀಗಕ್ಕೆ ತುಕ್ಕು ಹಿಡಿಯುತ್ತದೆ, ಕೆಲಸವಿಲ್ಲದ ಮನುಷ್ಯನಿಗೆ ಪುರಸಭೆಯಲ್ಲಿ ಬಡ್ತಿ ಸಿಗುತ್ತದೆ. ಇದು ಅಲ್ಲಿ ಕಲಿತ ಪಾಠ. ಒಂದು ದಿನ ಊರಿಗೆ ನೀರು ಬಿಡುವ ಮೌಲಾಸಾಬ ಬಂದು ನನ್ನನ್ನು ಎತ್ತಿಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿ, ಅಂಗಿಯ ಚುಂಗಿನಿಂದ ಒರೆಸಿದ. ‘ನಡಿ, ನಿನ್ನ ನಸೀಬ ತೆರೀತು. ಬಾವಿ ಕಾಯಾಕ ಹೋಗೂಣು’ ಎಂದ. ಬಾವಿಗೆ ಬೀಗವೇ ಎಂದು ನನಗೇ ನಗು ಬಂತು.

ಚಾವಡಿ ಓಣಿಯ ಆ ಬಾವಿಯ ಹಿಂದಿನ ಕತೆಯನ್ನು ನಾನು ಕಣ್ಣಾರೆ ಕಂಡವನಲ್ಲ. ಗೇಟಿಗೆ ನೇತುಬಿದ್ದ ಮೇಲೆ ನಾಲ್ಕು ಬಾಯಿಂದ ಕೇಳಿದ್ದು. ಓಣಿಗೆ ಎರಡು ಪಾಲು. ಚಾವಡಿಯ ಕಡೆಗಿನದು ಮೇಲಿನ ಓಣಿ, ಹಳ್ಳದ ಕಡೆಗಿನದು ಕೆಳಗಿನ ಓಣಿ. ಮೇಲಿನವರದು ಹೆಂಚಿನ ಮನೆ, ಅಂಗಡಿ, ನೌಕರಿ. ಕೆಳಗಿನವರದು ತಗಡಿನ ಮನೆ, ಗಾರೆ ಕೆಲಸ, ಕಸ ಬಳಿಯುವ ಕೆಲಸ. ಬಾವಿ ಇಬ್ಬರ ನಡುವೆ. ಹಿಂದೆ ಕೆಳಗಿನವರು ಆ ಬಾವಿಯ ಕಟ್ಟೆ ಏರುವಂತಿರಲಿಲ್ಲ. ಆಮೇಲೆ ನಳ ಬಂತು, ಬಾವಿಯನ್ನು ಎಲ್ಲರೂ ಮರೆತರು. ಮೇಲಿನವರು ಅದಕ್ಕೆ ಹರಿದ ಗಾದಿ, ಒಡೆದ ಗಡಿಗೆ, ಮುಳುಗಿಸಿದ ಗಣಪತಿ ಎಲ್ಲವನ್ನೂ ತುಂಬಿದರು. ನಳದಲ್ಲಿ ನೀರು ವಾರಕ್ಕೊಮ್ಮೆ ಬರತೊಡಗಿ, ಆಮೇಲೆ ಅದೂ ಮೊಟಕಾದಾಗ ಕೆಳಗಿನ ಓಣಿಯ ಸಾವಂತ್ರೆವ್ವ ಎಂಬ ಹೆಂಗಸು ಸೀರೆ ಎತ್ತಿ ಕಟ್ಟಿ ಬಾವಿಗೆ ಇಳಿದಳು.

ಸಾವಂತ್ರೆವ್ವ ಗಾರೆ ಕೆಲಸದವಳು. ಗಂಡ ತೀರಿಕೊಂಡಿದ್ದ, ನಾಲಿಗೆ ಚೂಪಾಗಿತ್ತು. ‘ದಿನಾ ಒಂದೊಂದ ಬುಟ್ಟಿ ರಾಡಿ ತಗದ್ರೂ ಎಂದಾರ ಒಮ್ಮಿ ತಳಾ ಕಾಣತೈತಿ’ ಎಂದಳಂತೆ. ಕೆಲಸ ಮುಗಿಸಿ ಬಂದು ಸಂಜೆಯ ಬೆಳಕಿರುವಷ್ಟು ಹೊತ್ತು ಬುಟ್ಟಿ ಹೊತ್ತಳು. ಮೇಲಿನ ಓಣಿಯವರು ಕಟ್ಟೆಯ ಮೇಲೆ ಕೂತು ‘ಹುಚ್ಚ ಹಿಡದೈತಿ ಅಕೀಗೆ’ ಎಂದರು. ಕೆಳಗಿನ ಓಣಿಯ ಗಂಡಸು ಹೆಂಗಸರೆಲ್ಲ ಅವಳ ಹಿಂದೆ ಇಳಿದರು. ತಿಂಗಳುಗಟ್ಟಲೆ ರಾಡಿ ಎತ್ತಿದ ಮೇಲೆ ಕಲ್ಲಿನ ಸಂದಿಯಿಂದ ನೀರು ಜಿನುಗಿತು. ನೀರು ಕಂಡ ಮರುದಿನವೇ ಮೇಲಿನ ಓಣಿಯವರು ಬುಟ್ಟಿ ಹಿಡಿದು ಬಂದು ಫೋಟೋ ತೆಗೆಸಿಕೊಂಡರು.

ಆ ಫೋಟೋ ಪುರಸಭೆಯ ಕಣ್ಣಿಗೆ ಬಿತ್ತು. ಮುಖ್ಯಾಧಿಕಾರಿ ಇನಾಮದಾರ ಸಾಹೇಬರ ಕೈಯಲ್ಲಿ ಆಗ ಒಂದು ಯೋಜನೆ ಇತ್ತು: ‘ನಮ್ಮ ಓಣಿ ನಮ್ಮ ಹೊಣೆ’. ಓಣಿಯ ಜನ ತಾವೇ ಮುಂದೆ ನಿಂತು ತಮ್ಮ ಜಾಗವನ್ನು ಸುಧಾರಿಸಬೇಕು, ಪುರಸಭೆ ಕೈ ಜೋಡಿಸಬೇಕು. ಕೇಳಲು ಚೆಂದ. ಆದರೆ ಕೈ ಜೋಡಿಸಲು ಒಂದು ಸಮಿತಿ ಬೇಕು, ಸಮಿತಿಗೆ ಒಬ್ಬ ಅಧ್ಯಕ್ಷ ಬೇಕು, ಅಧ್ಯಕ್ಷನಿಗೆ ಒಂದು ರಬ್ಬರ್ ಸ್ಟಾಂಪು ಬೇಕು. ಸ್ಟಾಂಪು ಮೇಲಿನ ಓಣಿಯ ರಾಚಪ್ಪನ ಬಳಿ ಮೊದಲೇ ಇತ್ತು. ಅವನು ಸೊಸೈಟಿಯ ಕಾರ್ಯದರ್ಶಿಯಾಗಿ ನಿವೃತ್ತನಾದವನು, ಬರುವಾಗ ಸ್ಟಾಂಪು ಒತ್ತುವ ಚಟವನ್ನೂ ಕಟ್ಟಿಕೊಂಡು ಬಂದಿದ್ದ. ಅಧ್ಯಕ್ಷ ರಾಚಪ್ಪ, ಸದಸ್ಯರೆಲ್ಲ ಮೇಲಿನ ಓಣಿಯವರು. ಸಾವಂತ್ರೆವ್ವನನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಅವಳಿಗೆ ‘ವಿಶೇಷ ಆಹ್ವಾನಿತರು’ ಎಂಬ ಪದವಿ ಕೊಟ್ಟರು. ಹಾಗೆಂದರೆ ಬರಬಹುದು, ಕೂರಬಹುದು, ಚಹಾ ಕುಡಿಯಬಹುದು, ಮಾತಾಡುವಂತಿಲ್ಲ.

ಪುರಸಭೆ ಬಾವಿಯ ಸುತ್ತ ಗೋಡೆ ಎತ್ತಿಸಿತು, ನೀರು ಸೇದಲು ಹೊಸ ಗಡಗಡಿ, ಅಂದರೆ ರಾಟೆ, ಹಾಕಿಸಿತು, ಹಗ್ಗ ಕೊಡಿಸಿತು, ಹಸಿರು ಬಣ್ಣದ ಗೇಟು ನಿಲ್ಲಿಸಿತು. ಉದ್ಘಾಟನೆಯ ದಿನ ಇನಾಮದಾರ ಸಾಹೇಬರು ಮೈಕಿನ ಮುಂದೆ ನಿಂತು, ‘ಈ ಬಾವಿ ನಿಮ್ಮದು. ನಾಯಕತ್ವ ನಿಮ್ಮದು. ಪುರಸಭೆ ಬರೇ ನಿಮ್ಮ ಬೆನ್ನಿಗೆ ನಿಂತಿರತೈತಿ’ ಎಂದರು. ಚಪ್ಪಾಳೆ ಬಿತ್ತು. ಬೆನ್ನಿಗೆ ನಿಂತವರ ಕೈಯಲ್ಲಿ ಏನಿದೆ ಎಂದು ಯಾರೂ ತಿರುಗಿ ನೋಡಲಿಲ್ಲ. ಅವರ ಕೈಯಲ್ಲಿ ನಾನಿದ್ದೆ.

ಸಮಾರಂಭ ಮುಗಿದು ಜನ ಚದುರುವಾಗ ಮೌಲಾಸಾಬ ನನ್ನನ್ನು ಗೇಟಿಗೆ ಹಾಕಿ ಚಾವಿ ತಿರುವಿದ. ರಾಚಪ್ಪನ ಮುಖ ಕಪ್ಪಿಟ್ಟಿತು.

‘ನಮ್ಮ ಬಾವಿಗೆ ಪುರಸಭಿ ಕೀಲಿ ಯಾಕ್ರಿ ಸಾಹೇಬ್ರ? ಸಮಿತಿ ಕೀಲಿ ಹಾಕ್ತೀವಿ’ ಎಂದ.

‘ಬಾವಿ ನಿಮ್ಮದರಿ. ಗೇಟು ನಮ್ಮದು’ ಎಂದರು ಸಾಹೇಬರು. ‘ಗೇಟಿಗೆ ಕೀಲಿನೂ ನಮ್ಮದ ಇರಬೇಕು.’

ಯಾರೂ ಬಿಡಲಿಲ್ಲ. ಕೊನೆಗೆ ನನ್ನ ಪಕ್ಕದಲ್ಲೇ ಸಮಿತಿಯ ಬೀಗವೂ ಬಂದು ಕೂತಿತು. ಈಗ ಗೇಟು ತೆರೆಯಲು ಎರಡೂ ಚಾವಿ ಬೇಕು. ಒಂದು ಚಾವಿ ಮೌಲಾಸಾಬನ ಸೈಕಲ್ಲಿನಲ್ಲಿ ಊರು ಸುತ್ತುತ್ತಿತ್ತು, ಇನ್ನೊಂದು ರಾಚಪ್ಪನ ಉಡದಾರದಲ್ಲಿ ಮಲಗಿರುತ್ತಿತ್ತು. ಅವನು ಬಂದಾಗ ಇವನಿಲ್ಲ, ಇವನು ಬಂದಾಗ ಅವನಿಲ್ಲ. ಕೊಡಗಳು ಗೇಟಿನ ಮುಂದೆ ಸಾಲಾಗಿ ನಿಂತು ಬಿಸಿಲಿಗೆ ಕಾದವು. ಜನ ಇಬ್ಬರನ್ನೂ ಬೈದರು, ನನ್ನನ್ನೂ ಬೈದರು. ಆ ದಿನಗಳು ನನಗೆ ಬಹಳ ಹಿಡಿಸಿದವು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಜಗಳ ಹೊಡೆದಾಟಕ್ಕೆ ಬರುವ ಹೊತ್ತಿಗೆ ಯಾರೋ ಹಳೆಯ ಉಪಾಯ ನೆನಪಿಸಿದರು. ಆ ಕಡೆ ಅಣ್ಣತಮ್ಮಂದಿರು ಮಾತು ಬಿಟ್ಟ ಮೇಲೆ ಪಾಲಿನ ಹೊಲದ ಗೇಟಿಗೆ ಹೀಗೆ ಮಾಡುತ್ತಾರೆ. ಗೇಟಿಗೆ ಒಂದು ಸರಪಳಿ ಸುತ್ತಿ, ಅದರ ಒಂದು ತುದಿಗೆ ಅಣ್ಣನ ಬೀಗ, ಇನ್ನೊಂದು ತುದಿಗೆ ತಮ್ಮನ ಬೀಗ. ಎರಡು ಬೀಗಗಳ ಕೊಂಡಿಗಳನ್ನು ಒಂದರೊಳಗೊಂದು ಸಿಕ್ಕಿಸಿಬಿಡುವುದು. ಯಾರು ತಮ್ಮ ಬೀಗ ತೆಗೆದರೂ ಸರಪಳಿ ಬಿಚ್ಚುತ್ತದೆ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಹಾಗೆ ನನ್ನನ್ನೂ ಸಮಿತಿಯ ಬೀಗವನ್ನೂ ಸರಪಳಿಗೆ ಹಾಕಿ ಬೀಗರನ್ನಾಗಿ ಮಾಡಿದರು. ಬೀಗರ ನಡುವೆ ಇರುವಷ್ಟೇ ಪ್ರೀತಿ ನಮ್ಮಿಬ್ಬರಲ್ಲೂ ಇತ್ತು.

ಗೇಟೇನೋ ತೆರೆಯಿತು. ಆದರೆ ಯಾರಿಗೆ? ಸಮಿತಿ ಸಭೆ ಸೇರಿ ಒಂದು ನಿಯಮ ಮಾಡಿತು. ಕೆಳಗಿನ ಓಣಿಯವರು ಗೇಟಿನ ಹೊರಗೆ ಸಾಲಾಗಿ ನಿಲ್ಲಬೇಕು. ಸಮಿತಿಯ ಆಳು ಒಳಗೆ ನೀರು ಸೇದಿ ತಂದು ಅವರ ಕೊಡಗಳಿಗೆ ಹಾಕುತ್ತಾನೆ. ಅವರು ಗಡಗಡಿ, ಹಗ್ಗ, ಬಕೀಟು ಯಾವುದನ್ನೂ ಮುಟ್ಟುವ ತ್ರಾಸು ತೆಗೆದುಕೊಳ್ಳಬೇಕಾಗಿಲ್ಲ. ಈ ತ್ರಾಸು ಮೇಲಿನ ಓಣಿಯವರಿಗೆ ಮಾತ್ರ ಇರಲಿ ಎಂದು ಸಮಿತಿಯ ಔದಾರ್ಯ.

ಮೊದಲ ದಿನ ಆಳು ಬಕೀಟನ್ನು ಎತ್ತರಕ್ಕೆ ಹಿಡಿದು, ಅದು ಕೊಡದ ಬಾಯಿಗೆ ತಾಗದಂತೆ ನೀರು ಸುರಿದ. ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ. ಸಾವಂತ್ರೆವ್ವ ಸಾಲಿನಿಂದ ಹೊರಬಂದು, ಒಳಗೆ ಕುರ್ಚಿ ಹಾಕಿ ಕೂತಿದ್ದ ರಾಚಪ್ಪನ ಮುಂದೆ ಗೇಟಿನ ಸರಳು ಹಿಡಿದು ನಿಂತಳು.

‘ಈ ಬಾವಿ ತಳದ ರಾಡಿ ನನ್ನ ಉಗರಾಗ ಇನ್ನೂ ಐತಿ ಅಧ್ಯಕ್ಷರ. ಆವಾಗ ನನ್ನ ಕೈ ನಡೀತು. ಈಗ ಹಗ್ಗಾ ಮುಟ್ಟಿದ್ರ ನಡ್ಯಾಂಗಿಲ್ಲೇನು?’

‘ಹಂಗ ಯಾರ ಅಂದಾರವಾ?’ ರಾಚಪ್ಪ ನಕ್ಕ. ‘ಜಾತಿ ಗೀತಿ ಏನಿಲ್ಲ, ಆ ಕಾಲ ಹೋತು. ಇದು ನಿರ್ವಹಣಾ. ಗದ್ದಲ ಆಗಬಾರದು ನೋಡು.’

‘ಗದ್ದಲ ಮಾಡಾವ್ರು ನಾವಷ್ಟೇ ಏನ್ರಿ?’

‘ನಿಯಮ ನಂದಲ್ಲವಾ. ಪುರಸಭಿ ಯೋಜನಾ. ಕೇಳೂದಿದ್ರ ಅಲ್ಲಿ ಕೇಳ ಹೋಗು.’

ಅವಳು ಪುರಸಭೆಗೆ ಹೋದಳು. ಹಿಂದಿರುಗಿ ಬಂದು ಬೇವಿನ ನೆರಳಲ್ಲಿ ಕೂತಿದ್ದ ಮೌಲಾಸಾಬನ ಮುಂದೆ ಸಂಕಟ ತೋಡಿಕೊಂಡಾಗ ನಾನೂ ಕೇಳಿಸಿಕೊಂಡೆ. ‘ಸಮುದಾಯ ಮಾಡಿದ ತೀರ್ಮಾನದಾಗ ನಾವು ಕೈ ಹಾಕಾಂಗಿಲ್ಲ, ಅದು ಯೋಜನೆಯ ಜೀವಾಳ’ ಎಂದಿದ್ದರಂತೆ ಸಾಹೇಬರು. ‘ಸಮುದಾಯ ಅಂದ್ರ ನಾ ಅಲ್ಲೇನ್ರಿ?’ ಎಂದು ಇವಳು ಕೇಳಿದ್ದಕ್ಕೆ, ‘ನೀನೂ ಹೌದವಾ, ವಿಶೇಷ ಆಹ್ವಾನಿತಳು’ ಎಂದರಂತೆ. ಪುರಸಭೆಗೆ ಹೋದರೆ ಸಮಿತಿ, ಸಮಿತಿಗೆ ಹೋದರೆ ಪುರಸಭೆ. ಅತ್ತ ದರಿ, ಇತ್ತ ಪುಲಿ. ಬಾವಿಯ ವಿಷಯದಲ್ಲಿ ಎಂದೂ ಒಂದಾಗದ ಆ ಇಬ್ಬರೂ ಅವಳನ್ನು ಹೊರಗಿಡುವುದರಲ್ಲಿ ಮಾತ್ರ ಒಂದಾಗಿದ್ದರು.

‘ನೀರು ಸಿಗತೈತಲ್ಲಬೇ ಯಕ್ಕಾ, ತುಂಬ್ಕೊಂಡ ಹೋಗು, ಯಾಕ ಜಿದ್ದು?’ ಎಂದ ಮೌಲಾಸಾಬ.

‘ನೀರು ಹಳ್ಳದಾಗೂ ಸಿಗತಿತ್ತಪಾ’ ಎಂದಳು ಅವಳು. ‘ಮಂದಿ ಎತ್ತಿ ಹಾಕಿದ ನೀರು ಕುಡಿಯೂದು ನನ್ನ ಅವ್ವನ ಕಾಲಕ್ಕ ಮುಗೀಲಿ ಅಂತ ಬಾವಿಗೆ ಇಳಿದಿದ್ನಿ. ಕೈಯಾರೆ ಒಂದ ಕೊಡ ಸೇದಲಾರದ ನಾ ಸಾಯಂಗಿಲ್ಲ.’

ಅದಾದ ಒಂದೆರಡು ದಿನಕ್ಕೆ ಸಂತೆಯಿಂದ ಒಂದು ಪುಟ್ಟ ಬೀಗ ಕೊಂಡು ತಂದಳು. ತಗಡಿನ ಮೈಯ, ಮಕ್ಕಳ ಆಟಿಕೆಯಂಥ ಬೀಗ. ಹಾಡಹಗಲೇ, ಗೇಟು ತೆರೆದು ಸರಪಳಿ ಸಡಿಲ ಬಿದ್ದಿದ್ದಾಗ ಬಂದು, ನನ್ನ ಕೊಂಡಿಗೂ ಸಮಿತಿಯ ಬೀಗದ ಕೊಂಡಿಗೂ ನಡುವೆ ತನ್ನದನ್ನು ಸಿಕ್ಕಿಸಿ ಒತ್ತಿದಳು. ರಾಚಪ್ಪ ಕುರ್ಚಿಯಿಂದ ಎದ್ದ.

‘ಏ ಸಾವಂತ್ರೆವ್ವ, ಏನದು?’

‘ಕೀಲಿ ರೀ. ನಿಮ್ಮದೈತಿ, ಪುರಸಭಿದೈತಿ. ರಾಡಿ ತಗದವರದೂ ಒಂದ ಇರಲಿ.’

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ಅಂಥ ಅಗ್ಗದ ಬೀಗ ನನ್ನ ಕೊಂಡಿಗೆ ತಗುಲಿಕೊಂಡದ್ದು ನನಗೂ ಸೇರಲಿಲ್ಲ. ಗುದ್ದಿದರೆ ಬಾಯಿ ಬಿಡುವ ಜಾತಿ ಅದು. ಆದರೆ ಸರಪಳಿಗೆ ಅದರ ಬೆಲೆ ಗೊತ್ತಿಲ್ಲ. ಮರುದಿನ ಮುಂಜಾನೆ ಮೇಲಿನ ಓಣಿ ಏಳುವ ಮೊದಲೇ ಅವಳು ತನ್ನ ಚಾವಿಯಿಂದ ಅದನ್ನು ತೆಗೆದು, ಒಳಗೆ ಹೋಗಿ, ಗಡಗಡಿಗೆ ಹಗ್ಗ ಏರಿಸಿ ಕೈಯಾರೆ ನೀರು ಸೇದಿದಳು. ಹಿಂದೆ ಕೆಳಗಿನ ಓಣಿಯ ಹೆಂಗಸರೆಲ್ಲ ಬಂದರು. ಗಡಗಡಿ ಕಿರುಗುಟ್ಟುವ ಸದ್ದಿಗೆ ಮೇಲಿನ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು.

ಆ ದಿನ ಮೇಲಿನ ಓಣಿಯಲ್ಲಿ ಒಲೆ ಹೊತ್ತಿತೋ ಇಲ್ಲವೋ, ಹೊಟ್ಟೆಗಳಂತೂ ಉರಿದವು. ರಾಚಪ್ಪ ಸಂಜೆಯಾಗುವುದರೊಳಗೆ ಒಂದು ದಪ್ಪನೆಯ ಹೊಸ ಬೀಗ ತಂದ. ನಮ್ಮ ಮೂವರನ್ನೂ ಬಿಟ್ಟು ಸರಪಳಿಯ ಎರಡೂ ಕಡೆಯ ಬಳೆಗಳನ್ನು ಹತ್ತಿರ ಎಳೆದು, ನೇರವಾಗಿ ಆ ಬೀಗವೊಂದನ್ನೇ ಹಾಕಿ ಬಿಗಿದ. ಅವನ ಸಿಟ್ಟೆಲ್ಲ ಸಾವಂತ್ರೆವ್ವನ ಪುಟ್ಟ ಬೀಗದ ಮೇಲೆ. ಆದರೆ ಆ ಬೀಗ ನನ್ನ ಕೊಂಡಿಗೆ ಸಿಕ್ಕಿಕೊಂಡಿತ್ತು, ನಾನು ಪುರಸಭೆಯವನು. ಅದನ್ನು ಹೊರಗೆ ತಳ್ಳುವ ಭರದಲ್ಲಿ ನನ್ನನ್ನೂ ಹೊರಗೆ ತಳ್ಳಿದ್ದ. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟವನಿಗೆ ಅದು ಹೊಳೆಯಲಿಲ್ಲ. ಸರಪಳಿಯ ಬಾಲದ ತುದಿಯಲ್ಲಿ ನಾನು ಜೋತುಬಿದ್ದೆ, ನನಗೆ ಆ ಆಟಿಕೆ ಜೋತುಬಿತ್ತು. ಮುಚ್ಚಿಕೊಂಡಿದ್ದೇನೆ, ಆದರೆ ಏನನ್ನೂ ಮುಚ್ಚಿಲ್ಲ. ಬೀಗವಾಗಿ ಹುಟ್ಟಿದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಡ.

ಬೆಳಿಗ್ಗೆ ಕೆಳಗಿನ ಓಣಿಯವರು ಕೊಡ ಹಿಡಿದು ಬಂದು ಗೇಟು ನೋಡಿದರು. ಗಂಡಸರು ಕಲ್ಲು ಹುಡುಕಿದರು. ಒಬ್ಬ ಹಾರೆಯನ್ನೇ ತಂದ. ಅತ್ತ ಮೇಲಿನ ಓಣಿಯ ಗಂಡಸರೂ ಬಡಿಗೆ ಹಿಡಿದು ಚಾವಡಿಯ ಹತ್ತಿರ ನೆರೆದರು. ರಕ್ತ ಬೀಳುವುದಕ್ಕೆ ಇನ್ನೊಂದು ಬೈಗುಳ ಸಾಕಿತ್ತು. ಸಾವಂತ್ರೆವ್ವ ಗೇಟಿನ ಬಳಿಗೆ ಬಂದಳು. ಹೊಸ ಬೀಗವನ್ನು ನೋಡಿದಳು. ಆಮೇಲೆ ಬಗ್ಗಿ ನನ್ನನ್ನು ಅಂಗೈಯಲ್ಲಿ ಎತ್ತಿ ಹಿಡಿದು ನೋಡುತ್ತ ನಿಂತಳು. ನೋಡನೋಡುತ್ತ ಅವಳಿಗೆ ನಗು ಬಂತು.

‘ಹಾರಿ ಕೆಳಗಿಡ್ರಿ’ ಎಂದಳು. ‘ಇವತ್ತ ನಾವು ಬಾಯಿ ಮಾಡೂದು ಬ್ಯಾಡ. ಕೊಡಾ ಇಲ್ಲೇ ಇರಲಿ, ನಾ ಈಗ ಬರತೇನಿ.’

ಮುಂದಿನದನ್ನು ಮೌಲಾಸಾಬ ಆಮೇಲೆ ಎಷ್ಟೋ ಸಲ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದಾನೆ. ಅವಳು ಪುರಸಭೆಗೆ ಹೋಗಿ ನೀರಿನ ಮಾತೇ ಎತ್ತಲಿಲ್ಲ. ನಿಯಮ, ಸಾಲು, ಎತ್ತಿ ಹಾಕುವುದು ಯಾವುದನ್ನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತು, ‘ಸಾಹೇಬ್ರ, ಪುರಸಭಿ ಕೀಲಿ ನಾಯಿ ಬಾಲದಂಗ ಜೋತಾಡಾಕತ್ತೈತ್ರಿ. ರಾಚಪ್ಪನವರು ತಮ್ಮ ಕೀಲಿ ಹಾಕಿ ನಿಮ್ಮದನ್ನ ಹೊರಗ ಒಗದಾರ. ಮಂದಿ ನಿಂತು ನಗಾಕತ್ತಾರ’ ಎಂದಳಂತೆ. ಇನಾಮದಾರ ಸಾಹೇಬರು ಚಹಾದ ಕಪ್ಪು ಅಲ್ಲೇ ಬಿಟ್ಟು ಎದ್ದರಂತೆ.

ಒಬ್ಬ ಹೆಂಗಸಿನ ಕೊಡಕ್ಕೆ ಎತ್ತರದಿಂದ ನೀರು ಸುರಿದರೂ ಬಾರದ ಜೀಪು, ಒಂದು ಬೀಗ ಜೋತಾಡಿದ್ದಕ್ಕೆ ಧೂಳೆಬ್ಬಿಸಿಕೊಂಡು ಬಂತು. ಪುರಸಭೆಯ ಮರ್ಯಾದೆ ಎಲ್ಲಿದೆ ಎಂದು ಸಾವಂತ್ರೆವ್ವನಿಗೆ ಗೊತ್ತಾಗಿತ್ತು. ಅದು ನನ್ನೊಳಗಿತ್ತು.

‘ಸರ್ಕಾರಿ ಕೀಲಿಗೆ ಕೈ ಹಚ್ಚಿದವರು ಯಾರ್ರೀ?’ ಸಾಹೇಬರು ಇಳಿಯುತ್ತಲೇ ಗುಡುಗಿದರು.

ರಾಚಪ್ಪ ಮುಂದೆ ಬಂದ. ‘ನೀವ ಅಂದಿದ್ರಲ್ಲಾ ಸಾಹೇಬ್ರ, ಮೈಕಿನ್ಯಾಗ. ಬಾವಿ ನಿಮ್ಮದು, ನಾಯಕತ್ವ ನಿಮ್ಮದು ಅಂತ.’

‘ಅಂದಿದ್ನಿ. ಹಂಗಂತ ಪುರಸಭಿ ಹೊರಗ ಹಾಕ್ರಿ ಅಂದಿದ್ನೇನು?’

‘ಸಮಿತಿ ತೀರ್ಮಾನದಾಗ ಕೈ ಹಾಕಾಂಗಿಲ್ಲ ಅಂತನೂ ಅಂದಿದ್ರಿ.’

‘ಈಗ ಹಾಕ್ತೇನಿ, ನೋಡ್ಕೊಂತ ನಿಲ್ರಿ’ ಎಂದರು ಸಾಹೇಬರು. ಮೌಲಾಸಾಬ ಕಟ್ಟರ್ ತಂದು ರಾಚಪ್ಪನ ದಪ್ಪ ಬೀಗವನ್ನು ಕತ್ತರಿಸಿದ. ಇಡೀ ಓಣಿಯ ಮುಂದೆ ಅದು ನೆಲಕ್ಕೆ ಬಿತ್ತು. ಸಾಹೇಬರ ಸಿಟ್ಟು ಇನ್ನೂ ಇಳಿದಿರಲಿಲ್ಲ. ರಾಚಪ್ಪನಿಗೆ ಇನ್ನೂ ಒಂದು ಪೆಟ್ಟು ಕೊಡಬೇಕಿತ್ತು. ನನಗೆ ಜೋತುಬಿದ್ದಿದ್ದ ಪುಟ್ಟ ಬೀಗದತ್ತ ಬೆರಳು ಮಾಡಿ, ‘ಈ ಕೀಲಿ ಯಾರದು?’ ಎಂದರು. ‘ನಂದರಿ’ ಎಂದಳು ಸಾವಂತ್ರೆವ್ವ. ‘ಇರಲಿ ಅದೂ. ಇವತ್ತಿನಿಂದ ಮೂರು ಕೀಲಿ. ಎತ್ತಿ ಹಾಕೂದು ಬಂದ್. ಯಾರಿಗೆ ನೀರು ಬೇಕೋ ಅವರು ತಾವ ಸೇದ್ಕೋಬೇಕು. ಇದು ಪುರಸಭಿ ಆದೇಶ’ ಎಂದು ಜೀಪು ಹತ್ತಿದರು. ಅವರು ಮಾಡಿದ್ದು ನ್ಯಾಯಕ್ಕಾಗಿ ಎಂದು ಯಾರಾದರೂ ಬರೆದರೆ ನಂಬಬೇಡಿ. ಸೇಡಿಗಾಗಿ ಮಾಡಿದರು. ನ್ಯಾಯ ಅದರ ಬೆನ್ನ ಮೇಲೆ ಕೂತು ಬಂತು, ಅಷ್ಟೇ.

ಮೇಲಿನ ಓಣಿಯವರು ಮರುದಿನದಿಂದ ಬಾವಿಗೆ ಬರುವುದನ್ನೇ ಬಿಟ್ಟರು. ಸಮಿತಿಯ ಬಕೀಟನ್ನು ಒಯ್ದರು, ಕುರ್ಚಿಯನ್ನು ಒಯ್ದರು. ‘ನೀರು ಕೆಟ್ಟೈತಿ, ವಾಸನಿ ಬರತೈತಿ’ ಎಂದರು. ಹಿಂದಿನ ದಿನದವರೆಗೆ ಎಳನೀರಿನಂತಿದ್ದ ನೀರು ಒಂದೇ ಇರುಳಿನಲ್ಲಿ ಹೇಗೆ ಕೆಟ್ಟಿತೆಂದು ಕೇಳಿದರೆ ಮೂಗು ಮುಚ್ಚಿಕೊಂಡು ನಡೆದರು. ಟ್ಯಾಂಕರ್ ತರಿಸಿಕೊಂಡರು. ಕೆಳಗಿನ ಓಣಿಯವರೇನು ಕಡಿಮೆಯೇ? ಟ್ಯಾಂಕರ್ ಬಂದಾಗಲೆಲ್ಲ ಬಾವಿಯ ಕಟ್ಟೆ ಏರಿ ಬೇಕಂತಲೇ ಕೊಡ ತುಳುಕಿಸುತ್ತ ನಿಲ್ಲುತ್ತಿದ್ದರು. ಎರಡು ಓಣಿಯ ನಡುವೆ ಕೊಡುಕೊಳ್ಳುವುದು, ಮಾತು, ಮಜ್ಜಿಗೆ ಎಲ್ಲ ನಿಂತಿತು. ಓಣಿ ಸುಧಾರಿಸಿತು ಎಂದು ಪುರಸಭೆಯ ಫಲಕ ಮಾತ್ರ ಹೇಳುತ್ತಿತ್ತು.

ಯುಗಾದಿ ಕಳೆದು ಬಿಸಿಲು ಕುದಿಯತೊಡಗಿತು. ಊರಿನ ಬೋರುಗಳು ಒಣಗಿದವು. ಟ್ಯಾಂಕರ್ ಮೊದಲು ತಡವಾಗಿ ಬಂತು, ಆಮೇಲೆ ಬರಲೇ ಇಲ್ಲ. ಬಾವಿಯಲ್ಲಿ ನೀರು ಇಳಿದಿತ್ತು, ಆದರೆ ಇತ್ತು. ರಾಚಪ್ಪನ ಉಡದಾರದಲ್ಲಿ ಚಾವಿಯೂ ಇತ್ತು. ಅದನ್ನು ಬಿಚ್ಚಿಕೊಡಲು ಅವನ ಮೀಸೆ ಒಪ್ಪಲಿಲ್ಲ.

ಒಂದು ಮಧ್ಯಾಹ್ನ ಅವನ ಹೆಂಡತಿ ಅನಸೂಯವ್ವ ಒಬ್ಬಳೇ ಸೊಂಟದ ಮೇಲೆ ಕೊಡ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಕೀಟು ಹಿಡಿದು ಬಂದು ಗೇಟಿನ ಹೊರಗೆ ನಿಂತಳು. ಸೆರಗು ತಲೆಯ ಮೇಲಿತ್ತು, ತುಟಿ ಒಣಗಿತ್ತು. ಕೆಳಗಿನ ಓಣಿಯ ಹೆಂಗಸರು ಬೇವಿನ ನೆರಳಲ್ಲಿ ಕೂತಿದ್ದರು, ಮೌಲಾಸಾಬನೂ ಅಲ್ಲೇ ಸೈಕಲ್ಲು ಆನಿಸಿ ಕೂತಿದ್ದ. ಹೆಂಗಸರು ಒಬ್ಬೊಬ್ಬರೇ ಎದ್ದು ಬಂದರು.

‘ಹೊರಗ ನಿಂದ್ರಸಬೇ ಯಕ್ಕಾ’ ಎಂದಳು ಒಬ್ಬಳು ಸಾವಂತ್ರೆವ್ವನಿಗೆ. ‘ನಾವ ಸೇದಿ ಎತ್ತರದಿಂದ ಹಾಕೂಣು. ಅರ್ಧಾ ನೆಲಕ್ಕ ಬೀಳಲಿ. ಗೊತ್ತಾಗಲಿ ಇವರಿಗೂ.’

‘ಹಾಕಬ್ಯಾಡ್ರಿ, ಹಂಗ ಕಳಸ್ರಿ’ ಎಂದಳು ಇನ್ನೊಬ್ಬಳು.

ನನ್ನ ಮನಸ್ಸನ್ನು ಕೇಳಿದರೆ, ಕಳಿಸಬೇಕು. ಬಾಗಿಲ ಹೊರಗೆ ನಿಂತವರನ್ನು ಹೊರಗೇ ನಿಲ್ಲಿಸುವುದಕ್ಕಿಂತ ರುಚಿ ಬೇರೆ ಯಾವುದರಲ್ಲಿದೆ? ಸಾವಂತ್ರೆವ್ವ ಸೊಂಟದಿಂದ ಚಾವಿ ತೆಗೆದು ಗೇಟಿನ ಬಳಿಗೆ ಬಂದಳು. ಅನಸೂಯವ್ವ ಬಕೀಟನ್ನು ಮುಂದೆ ಚಾಚಿದಳು. ಸಾವಂತ್ರೆವ್ವ ಅದನ್ನು ಮುಟ್ಟಲಿಲ್ಲ. ತನ್ನ ಬೀಗ ತೆಗೆದಳು, ಸರಪಳಿ ಸರ್ರನೆ ಜಾರಿತು.

‘ನಾ ನೀರು ಎತ್ತಿ ಹಾಕಾಂಗಿಲ್ಲ’ ಎಂದಳು. ‘ನಿಮಗೂ ಹಾಕಾಂಗಿಲ್ಲ, ಯಾರಿಗೂ ಹಾಕಾಂಗಿಲ್ಲ. ಒಳಗ ಬರ್ರಿ. ನಾವು ಹಿಡಿದ ಹಗ್ಗನ ಐತಿ. ಅದನ್ನ ಹಿಡೀರಿ, ಸೇದ್ಕೋರಿ.’

ಅನಸೂಯವ್ವ ಹಗ್ಗವನ್ನು ನೋಡಿದಳು, ಮೇಲಿನ ಓಣಿಯತ್ತ ಒಮ್ಮೆ ತಿರುಗಿ ನೋಡಿದಳು. ಅಲ್ಲಿ ಕಿಟಕಿಗಳ ಹಿಂದೆ ಎಷ್ಟು ಕಣ್ಣಿದ್ದವೋ. ಆಮೇಲೆ ಒಳಗೆ ಬಂದು ಹಗ್ಗ ಹಿಡಿದು ಬಕೀಟು ಕಟ್ಟಿ ಬಿಟ್ಟಳು. ಹಗುರವಾದ ಪ್ಲಾಸ್ಟಿಕ್ ಬಕೀಟು ನೀರಿನ ಮೇಲೆ ತೇಲಿತು. ಎಳೆದಳು, ಬಿಟ್ಟಳು, ಅಲುಗಾಡಿಸಿದಳು. ಅದು ಮುಳುಗಲೊಲ್ಲದು. ಅಷ್ಟು ದಿನ ಆಳು ಸೇದಿ ತಂದ ನೀರನ್ನೇ ಬಳಸಿದ ಕೈ ಅದು. ಹೆಂಗಸರು ನಕ್ಕರು, ಚೆನ್ನಾಗಿಯೇ ನಕ್ಕರು. ಅನಸೂಯವ್ವನ ಕಣ್ಣಲ್ಲಿ ನೀರು ಬಂತು, ಬಾವಿಯದು ಮಾತ್ರ ಬರಲಿಲ್ಲ.

‘ಬಕೀಟಿಗೆ ಒಂದ ಕಡೆ ಭಾರಾ ಬೇಕು’ ಎಂದಳು ಸಾವಂತ್ರೆವ್ವ. ಸುತ್ತ ಕಣ್ಣಾಡಿಸಿದಳು. ಅವಳ ಕಣ್ಣು ನನ್ನ ಮೇಲೆ ಬಿತ್ತು. ‘ಮೌಲಾಣ್ಣ, ನಿನ್ನ ಚಾವಿ ಕೊಡು.’

‘ಸರ್ಕಾರಿ ಕೀಲಿಬೇ ಅದು’ ಎಂದ ಮೌಲಾಸಾಬ.

‘ಇರಲಿ. ಸರ್ಕಾರ ಬೆನ್ನಿಗೆ ನಿಂದರತೈತಿ ಅಂದಿದ್ರಲ್ಲ. ನಿಂದರಲಿ.’

ಅವನು ಒಂದು ಗಳಿಗೆ ತಲೆ ಕೆರೆದುಕೊಂಡು, ಚಾವಿ ಕೊಟ್ಟ. ಅವಳು ನನ್ನನ್ನು ಸರಪಳಿಯಿಂದ ಬಿಡಿಸಿ, ಬಕೀಟಿನ ಹಿಡಿಕೆಯ ಕಿವಿಗೆ ಹಾಕಿ ಒತ್ತಿದಳು. ಕಟಕ್ಕೆಂದು ಮುಚ್ಚಿಕೊಂಡೆ. ಬಕೀಟು ಮತ್ತೆ ಇಳಿಯಿತು. ನನ್ನ ಭಾರಕ್ಕೆ ಒಂದು ಪಕ್ಕಕ್ಕೆ ವಾಲಿ, ಗುಳುಗುಳು ಎಂದು ತುಂಬಿತು. ಅನಸೂಯವ್ವ ತುಂಬಿದ ಬಕೀಟನ್ನು ಕೈಯಾರೆ ಮೇಲಕ್ಕೆ ಎಳೆದಳು. ಯಾರೂ ಅವಳಿಗೆ ಕೈ ಹಚ್ಚಲಿಲ್ಲ. ಅವಳೂ ಯಾರಿಗೂ ಉಪಕಾರವಾಯಿತು ಎನ್ನಲಿಲ್ಲ. ನೀರನ್ನು ತನ್ನ ಕೊಡಕ್ಕೆ ಸುರಿದುಕೊಂಡು, ಬಕೀಟನ್ನು ಕಟ್ಟೆಯ ಮೇಲೆಯೇ ಬಿಟ್ಟು ಹೋದಳು.

ಸಂಜೆಯ ಹೊತ್ತಿಗೆ ಮೇಲಿನ ಓಣಿಯಿಂದ ಇನ್ನೂ ನಾಲ್ಕಾರು ಹೆಂಗಸರು ಬಂದರು. ರಾಚಪ್ಪನೂ ಬಂದ, ಯಾರ ಮುಖವನ್ನೂ ನೋಡದೆ ತನ್ನ ಬೀಗವನ್ನು ಸರಪಳಿಯಿಂದ ಬಿಡಿಸಿಕೊಂಡು ಹೋದ. ಉಳಿದ ಸರಪಳಿಯನ್ನು ಏನು ಮಾಡುವುದೆಂದು ಮಾತು ಬಂತು. ‘ಬಾವ್ಯಾಗ ಒಗದ ಬಿಡ್ರಿ, ಪೀಡಾ ಹೋಗಲಿ’ ಎಂದಳು ಒಬ್ಬಳು.

‘ಒಗೀತಿ, ಒಗೀತಿ’ ಎಂದಳು ಸಾವಂತ್ರೆವ್ವ. ‘ಮತ್ತ ತಗಿಯಾಕ ನಾನ ಇಳೀಬೇಕು.’

ಸರಪಳಿ ಯಾರದೋ ಎಮ್ಮೆಯ ಕೊರಳಿಗೆ ಹೋಯಿತು. ಗೇಟು ಅಂದಿನಿಂದ ತೆರೆದೇ ಇದೆ. ಇನಾಮದಾರ ಸಾಹೇಬರಿಗೆ ವರ್ಗವಾಯಿತು. ನನ್ನ ಚಾವಿ ಮೌಲಾಸಾಬನ ಜೊತೆ ಪುರಸಭೆಗೆ ಹೋಗಿ ಒಂದು ಮೊಳೆಗೆ ನೇತುಬಿತ್ತು. ಅಲ್ಲಿನ ಲೆಕ್ಕದ ಪ್ರಕಾರ ನಾನು ಈಗಲೂ ಗೇಟಿನ ಮೇಲಿದ್ದು ಬಾವಿ ಕಾಯುತ್ತಿದ್ದೇನೆ.

ಅದಾಗಿ ಬಹಳ ಮಳೆಗಾಲಗಳು ಹೋದವು. ಓಣಿ ಒಂದಾಯಿತು, ಎಲ್ಲರೂ ಅಪ್ಪಿಕೊಂಡರು ಎಂದು ಕತೆ ಮುಗಿಸುವ ಆಸೆ ನಿಮಗಿದ್ದರೆ ಬಿಟ್ಟುಬಿಡಿ. ಮೇಲಿನವರ ಮದುವೆಯಲ್ಲಿ ಕೆಳಗಿನವರಿಗೆ ಈಗಲೂ ಎಲೆ ಬೇರೆ. ಗಡಗಡಿಯ ಬಳಿ ದಿನಾ ಜಗಳ, ದಿನಾ ಬೈಗುಳ. ಮೊದಲು ಎರಡು ಕಡೆ ನಿಂತು ಬೈದಾಡುತ್ತಿದ್ದರು, ಈಗ ಒಂದೇ ಹಗ್ಗ ಹಿಡಿದು ಬೈದಾಡುತ್ತಾರೆ. ಸಾವಂತ್ರೆವ್ವನಿಗೆ ಸೊಂಟ ಬಗ್ಗಿದೆ. ಮೊಮ್ಮಗಳು ಸೇದಿಕೊಡುತ್ತೇನೆ ಎಂದರೂ ಹಗ್ಗ ಬಿಡುವುದಿಲ್ಲ. ಅರ್ಧ ಬಕೀಟಾದರೂ ಸರಿ, ತಾನೇ ಸೇದುತ್ತಾಳೆ. ಅವಳ ಮೇಲೆ ನನಗೆ ಇನ್ನೂ ಸಿಟ್ಟಿದೆ. ನನ್ನ ಕಸುಬು ಕಸಿದುಕೊಂಡವಳು ಅವಳು.

ನಾನು ಮುದುಕನಾಗಿದ್ದೇನೆ. ಮೈಗೆ ತುಕ್ಕು ಹಿಡಿದಿದೆ, ಚಾವಿಯ ಕಿಂಡಿಯಲ್ಲಿ ಪಾಚಿ ಬೆಳೆದಿದೆ. ಇನ್ನು ಯಾವ ಚಾವಿ ತಂದರೂ ನಾನು ಬಿಚ್ಚಿಕೊಳ್ಳಲಾರೆ. ಬಕೀಟು ಎಷ್ಟೋ ಸಲ ಬದಲಾಯಿತು. ಕಿವಿ ಮುರಿದಾಗಲೆಲ್ಲ ನನ್ನನ್ನು ಹೊಸ ಬಕೀಟಿಗೆ ತಂತಿಯಿಂದ ಬಿಗಿಯುತ್ತಾರೆ. ದಿನಕ್ಕೆ ಎಷ್ಟು ಸಲ ಬಾವಿಗೆ ಇಳಿಯುತ್ತೇನೋ ಲೆಕ್ಕವಿಲ್ಲ. ಬಕೀಟು ತೇಲಲು ನೋಡುತ್ತದೆ, ನಾನು ಬಿಡದೆ ಒಂದು ಪಕ್ಕಕ್ಕೆ ಎಳೆಯುತ್ತೇನೆ, ನೀರು ಒಳಗೆ ನುಗ್ಗುತ್ತದೆ. ಮೇಲೆ ಹಗ್ಗ ಹಿಡಿದ ಕೈ ಯಾವ ಓಣಿಯದು ಎಂದು ಪ್ರತಿ ಸಲವೂ ಕೇಳಬೇಕೆನಿಸುತ್ತದೆ. ಕೇಳಲಾಗುವುದಿಲ್ಲ, ಅಷ್ಟರಲ್ಲಿ ಬಾಯಿಗೆ ನೀರು ತುಂಬಿರುತ್ತದೆ.